ರಕ್ತ ಹೆಚ್ಚಿಸುವ ಚುಚ್ಚುಮದ್ದು: ವಾರಕ್ಕೆ ಮೂರೋ, ಹದಿನೈದು ದಿನಕ್ಕೊಂದೋ?

ಮೂತ್ರಪಿಂಡಗಳು ರಕ್ತವನ್ನು ಸೋಸುವುದಷ್ಟೇ ಅಲ್ಲದೆ, ಆಮ್ಲಜನಕದ ಕೊರತೆಯನ್ನು ಗುರುತಿಸಿ, ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಎಲುಬಿನ ಮಜ್ಜೆಯನ್ನು ಪ್ರಚೋದಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನೂ ಸ್ರವಿಸುತ್ತವೆ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಅವು ಸೊರಗಿದಾಗ ಈ ಸ್ರಾವವೂ ಕುಗ್ಗುವುದರಿಂದ, ಅಂಥವರ ರಕ್ತಹೀನತೆಗೆ ಕಬ್ಬಿಣದ ಗುಳಿಗೆಯೊಂದೇ ಸಾಲದಾಗುತ್ತದೆ.

ಈ ಹಾರ್ಮೋನಿನ ವಂಶವಾಹಿ 1985ರಲ್ಲಿ ಕೈಗೆ ಸಿಕ್ಕ ಮೇಲೆ, ಪ್ರಯೋಗಾಲಯದ ಜೀವಕೋಶಗಳಲ್ಲಿ ತಯಾರಾದ ಎಪೊಯೆಟಿನ್‌ಗೆ 1989ರಲ್ಲಿ ಅಮೆರಿಕ ಅನುಮತಿ ನೀಡಿತು. ರಕ್ತನಾಳಕ್ಕೆ ಕೊಟ್ಟಾಗ ಇದರ ಅರ್ಧಾಯು, ಅಂದರೆ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಎಂಟು ಗಂಟೆಯ ಆಸುಪಾಸು. ಹೀಗಾಗಿ ವಾರಕ್ಕೆ ಎರಡು ಮೂರು ಸಲ ಚುಚ್ಚುವುದು ರೂಢಿ. 2001ರಲ್ಲಿ ಬಂದ ಡಾರ್ಬೆಪೊಯೆಟಿನ್‌ನಲ್ಲಿ ಐದು ಅಮೈನೊ ಆಮ್ಲಗಳನ್ನು ಬದಲಿಸಿ, ಪ್ರೋಟೀನಿಗೆ ಅಂಟಿಕೊಂಡ ಸಕ್ಕರೆಯ ಉದ್ದನೆಯ ಕವಲುಗಳನ್ನು ಮೂರರಿಂದ ಐದಕ್ಕೆ ಏರಿಸಲಾಗಿದೆ. ಕುತೂಹಲದ ಸಂಗತಿಯೆಂದರೆ, ಈ ಕವಲುಗಳಿಂದ ಔಷಧವು ಮಜ್ಜೆಯ ಕೋಶಗಳ ಗ್ರಾಹಕಕ್ಕೆ ಮೊದಲಿಗಿಂತ ಸಡಿಲವಾಗಿ ಅಂಟುತ್ತದಾದರೂ, ರಕ್ತದಲ್ಲಿ ಮೂರು ಪಟ್ಟು ಹೆಚ್ಚು ಕಾಲ ಉಳಿಯುವುದರಿಂದ ಒಟ್ಟು ಪರಿಣಾಮ ಹೆಚ್ಚುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಚುಚ್ಚುಮದ್ದು ಸಾಕಾಗುತ್ತದೆ.

ಹಾಗೆಂದು ಹೊಸದು ರಕ್ತವನ್ನು ಹೆಚ್ಚು ಏರಿಸುತ್ತದೆಂದಲ್ಲ. ಎರಡನ್ನೂ ಹೋಲಿಸಿದ ಪ್ರಯೋಗಗಳಲ್ಲಿ ಹಿಮೋಗ್ಲೋಬಿನ್ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಬೆಲೆ ಮತ್ತು ಓಡಾಟ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಿಂದ ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೇಗೂ ಹೋಗುವವರಿಗೆ ಅಲ್ಲೇ ಎಪೊಯೆಟಿನ್ ಕೊಡಬಹುದಾದ್ದರಿಂದ ದೀರ್ಘಾವಧಿಯ ಔಷಧದಿಂದ ಉಳಿಯುವುದು ಕಡಿಮೆ. ಡಯಾಲಿಸಿಸ್ ಹಂತ ತಲುಪದೆ, ಚುಚ್ಚುಮದ್ದಿಗೆಂದೇ ಕೂಲಿ ಬಿಟ್ಟು ಬಸ್ಸು ಹತ್ತಬೇಕಾದವರಿಗೆ ಮಾತ್ರ ಅದು ನಿಜವಾದ ಅನುಕೂಲ. ಮನೆಯಲ್ಲೇ ಚುಚ್ಚಿಕೊಳ್ಳಬಹುದೆಂಬ ಸಲಹೆ ಸುಲಭವಾಗಿ ಕಂಡರೂ, ಎರಡೂ ಔಷಧಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಿದ್ದು, ಫ್ರಿಜ್ ಇಲ್ಲದ ಮನೆಗೆ ಆ ಸಲಹೆ ಹೊಂದುವುದಿಲ್ಲ.

ರಕ್ತ ಎಷ್ಟು ಏರಿದರೂ ಒಳ್ಳೆಯದೇ ಎಂಬ ಭಾವನೆಯೂ ಅಪಾಯಕಾರಿ. ಸಕ್ಕರೆ ಕಾಯಿಲೆಯೊಂದಿಗೆ ಮೂತ್ರಪಿಂಡದ ರೋಗವಿದ್ದ 4038 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಟ್ರೀಟ್ ಅಧ್ಯಯನದಲ್ಲಿ, ಡಾರ್ಬೆಪೊಯೆಟಿನ್‌ನಿಂದ ಹಿಮೋಗ್ಲೋಬಿನ್ನನ್ನು 13 ಗ್ರಾಂನತ್ತ ಏರಿಸಲು ಯತ್ನಿಸಿದವರಲ್ಲಿ ಪಾರ್ಶ್ವವಾಯು ಸುಮಾರು ಇಮ್ಮಡಿಯಾಗಿತ್ತು. ಎಪೊಯೆಟಿನ್ ಬಳಸಿದ 2006ರ ಕ್ವಾಯರ್ ಅಧ್ಯಯನದಲ್ಲೂ ಹೆಚ್ಚಿನ ಗುರಿ ಹಾನಿಯನ್ನೇ ತಂದಿದ್ದರಿಂದ, ದೋಷ ಔಷಧದ ಅವಧಿಯದಲ್ಲ, ಗುರಿಯದು ಎನ್ನಬೇಕಾಗುತ್ತದೆ. ರಕ್ತ ಏರುವಾಗ ರಕ್ತದೊತ್ತಡವೂ ಏರಬಹುದಾದ್ದರಿಂದ, ಚುಚ್ಚುಮದ್ದು ಹದಿನೈದು ದಿನಕ್ಕೊಮ್ಮೆ ಆದರೂ, ನಡುವೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿಕೊಳ್ಳುವುದನ್ನು ಬಿಡುವಂತಿಲ್ಲ.