ನಿಮಗಿದು ಗೊತ್ತೆ? ಮುಚ್ಚಳವೇ ಸ್ವಿಚ್ಚು!

ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾಕ್ಕೆ ಆನ್-ಆಫ್ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಒಳಗೆ ಕತ್ತಲಾಗಿ ಬೆಳಕಿನ ಮೀಟರ್ ತಾನೇ ಸುಮ್ಮನಾಗುತ್ತದೆ. ಮುಚ್ಚಳ ಮರೆತು ಮೇಜಿನ ಮೇಲಿಟ್ಟರೆ ಬ್ಯಾಟರಿ ಖಾಲಿ! ಆದರೂ ಚಿಂತೆಯಿಲ್ಲ, ಬಟನ್ ಗಾತ್ರದ ಆ ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ. ಶಟರ್ ನಡೆಯುವುದು ಸ್ಪ್ರಿಂಗ್ ಬಲದಿಂದ.

ಆಗ ಬೆಳಕಿನ ಲೆಕ್ಕ? ಹಳಬರ ಸೂತ್ರವಿದೆ: ಚುರುಕು ಬಿಸಿಲಿನಲ್ಲಿ ಅಪರ್ಚರ್ ಎಫ್16, ಶಟರ್ ವೇಗ ಫಿಲ್ಮಿನ ಐಎಸ್‌ಒ ಸಂಖ್ಯೆಯ ಆಸುಪಾಸು. ಅಂದರೆ 100ರ ಫಿಲ್ಮಿಗೆ ಸೆಕೆಂಡಿನ 1/125.

1976ರಲ್ಲಿ ಬಂದ ಈ ಕ್ಯಾಮೆರಾ 1997ರವರೆಗೂ ತಯಾರಾಯಿತು. ಹೆಸರಿನಲ್ಲಿರುವ 1000, ಅದರ ಗರಿಷ್ಠ ಶಟರ್ ವೇಗ: ಸೆಕೆಂಡಿನ 1/1000. ಹೊಸಬರು ಎಡವುವುದು ರೀಲು ಹಾಕುವಾಗ. ಲಿವರ್ ಎಳೆದಾಗ ಎಡಬದಿಯ ರಿವೈಂಡ್ ಗುಬ್ಬಿಯೂ ತಿರುಗಿದರೆ ಫಿಲ್ಮ್ ಸರಿಯಾಗಿ ಸುತ್ತಿಕೊಳ್ಳುತ್ತಿದೆ ಎಂದರ್ಥ.