ವಿದ್ಯುತ್ ಕಾರಿನ ಬ್ಲೋವರ್ ಸದ್ದು ಮಾಡಿದಾಗ

ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಸದ್ದಿನಡಿ ಮುಚ್ಚಿಹೋಗುವ ಸಣ್ಣಪುಟ್ಟ ಕಿರಿಕಿರಿಯೆಲ್ಲ ಇಲ್ಲಿ ನೇರವಾಗಿ ಕಿವಿಗೆ ಬೀಳುತ್ತದೆ. ಹಾಗೆ ಮೊದಲು ಗಮನ ಸೆಳೆಯುವುದು ಕಾರಿನೊಳಕ್ಕೆ ಗಾಳಿ ತಳ್ಳುವ ಫ್ಯಾನ್, ಅಂದರೆ ಗ್ಯಾರೇಜಿನವರು ಹೇಳುವ ಬ್ಲೋವರ್. ಇದರ ಸದ್ದು ಕೇಳಿ ಬ್ಯಾಟರಿಯೋ ಮೋಟರೋ ಕೆಟ್ಟಿತೆಂದು ಗಾಬರಿಪಡುವವರಿದ್ದಾರೆ. ಬಹುತೇಕ ಸಲ ಕಾರಣ ಒಂದು ಹಿಡಿ ಕಸ.

ವಿದ್ಯುತ್ ಕಾರು ಬೆಂಗಳೂರಿಗೆ ಹೊಸದಲ್ಲ. ಬೊಮ್ಮಸಂದ್ರದಲ್ಲಿ ತಯಾರಾದ ಪುಟ್ಟ ರೇವಾ 2001ರಲ್ಲೇ ನಗರದ ರಸ್ತೆಗಿಳಿಯಿತು. ಅದರ ಬ್ಯಾಟರಿ ವ್ಯವಸ್ಥೆ 48 ವೋಲ್ಟಿನದು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯದು 320 ವೋಲ್ಟ್. ಕಾರನ್ನು ಓಡಿಸುವ ಮೋಟರಿಗೂ ಎಸಿ ಕಂಪ್ರೆಸರಿಗೂ ಬೇಕಾದ ವಿದ್ಯುತ್ತು ಈ ದೊಡ್ಡ ಬ್ಯಾಟರಿಯಿಂದಲೇ ಬರುತ್ತದೆ. ಆದರೆ ಇಂದಿನ ಹೆಚ್ಚಿನ ಕಾರುಗಳಲ್ಲಿ ಬ್ಲೋವರ್ ನಡೆಯುವುದು ದೀಪ, ಹಾರ್ನ್, ವೈಪರುಗಳ ಹಾಗೆ 12 ವೋಲ್ಟಿನಲ್ಲಿ. ಪೆಟ್ರೋಲ್ ಕಾರಿನ ಬ್ಲೋವರಿಗೂ ಇದಕ್ಕೂ ರಚನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದ್ದರಿಂದ ಇದರ ರಿಪೇರಿ ಅನುಭವವಿರುವ ಯಾವುದೇ ಎಸಿ ಮೆಕ್ಯಾನಿಕ್ಕಿನ ಕೈಗೆ ಎಟುಕುವ ಕೆಲಸ.

ಬ್ಲೋವರಿಗೆ ಸೇರುವ ಕಸ ಹೆಚ್ಚಾಗಿ ಮರಗಳದು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಕಾರು ನಿಲ್ಲಿಸಲು ಜಾಗ ಕಡಿಮೆ. ಕಾರುಗಳು ಮನೆಮುಂದಿನ ರಸ್ತೆಯಲ್ಲಿ, ಮರದ ಕೆಳಗೇ ನಿಲ್ಲುತ್ತವೆ. ನೆರಳು ಸಿಗುತ್ತದೆ, ಬೇಸಿಗೆಯಲ್ಲಿ ಅದು ದೊಡ್ಡ ಅನುಕೂಲವೇ. ಆದರೆ ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹೂ ಉದುರಿ ಬಾನೆಟ್ಟಿನ ಮೇಲೆ ಪದರ ಕಟ್ಟುತ್ತದೆ, ಮಳೆಮರದ ಚಿಕ್ಕ ಎಲೆಗಳು ಸಂದುಗೊಂದುಗಳಿಗೆಲ್ಲ ಇಳಿಯುತ್ತವೆ. ಮುಂಗಾಜಿನ ಬುಡದಲ್ಲಿ, ವೈಪರಿನ ಕೆಳಗೆ ಒಂದು ಜಾಲರಿ ಇರುತ್ತದೆ. ಹೊರಗಿನ ಗಾಳಿ ಕಾರಿಗೆ ಬರುವುದು ಅಲ್ಲಿಂದ. ಜಾಲರಿ ದಾಟಿದ ಕಸ ಮುಂದೆ ಎಲ್ಲಿ ಸೇರುತ್ತದೆ ಎಂಬುದು ಕಾರಿನ ವಿನ್ಯಾಸಕ್ಕೆ ಬಿಟ್ಟದ್ದು. ಕೆಲವು ಮಾದರಿಗಳಲ್ಲಿ ಎಸಿ ಫಿಲ್ಟರ್ ಮೊದಲು ಎದುರಾಗಿ ಕಸವನ್ನು ತಡೆಯುತ್ತದೆ. ಇನ್ನು ಕೆಲವದರಲ್ಲಿ ಗಾಳಿ ಬ್ಲೋವರನ್ನು ದಾಟಿದ ಮೇಲಷ್ಟೇ ಫಿಲ್ಟರಿಗೆ ಬರುವುದರಿಂದ ಎಲೆ ಸೀದಾ ರೆಕ್ಕೆಗಳಿಗೇ ಸಿಕ್ಕಿಕೊಳ್ಳುತ್ತದೆ.

ಸದ್ದಿನ ಬಗೆಯಿಂದಲೇ ಅರ್ಧ ರೋಗ ತಿಳಿಯುತ್ತದೆ. ಕಾರು ನಿಂತಿರುವಾಗ ಎಸಿ ಆರಿಸಿ, ಬರೀ ಬ್ಲೋವರ್ ಹಾಕಿ ವೇಗವನ್ನು ಒಂದೊಂದೇ ಹಂತ ಏರಿಸಬೇಕು. ಸದ್ದೂ ಜೊತೆಗೇ ಏರಿದರೆ ತಪ್ಪು ಬ್ಲೋವರಿನದೇ. ಟರಟರ ಎಂದರೆ ಎಲೆಯೋ ಕಡ್ಡಿಯೋ ರೆಕ್ಕೆಗೆ ತಾಗುತ್ತಿದೆ. ಡ್ಯಾಶ್‌ಬೋರ್ಡ್ ಅದುರುವಂಥ ಗುಡುಗುಡು ಸದ್ದಾದರೆ ಒಂದು ಬದಿಗೆ ಧೂಳು ಮೆತ್ತಿ ರೆಕ್ಕೆಗಳ ತೂಕ ಏರುಪೇರಾಗಿದೆ. ಬೆಳಗ್ಗೆ ಶುರುವಿನಲ್ಲಿ ಕಿರ್ರೆಂದು ಸ್ವಲ್ಪ ಹೊತ್ತಿನಲ್ಲಿ ನಿಂತರೆ ಮೋಟರಿನ ಶಾಫ್ಟ್ ತಿರುಗುವ ಬುಷ್ ಒಣಗಿರುವ ಸಂಭವ ಹೆಚ್ಚು. ಎಸಿ ಹಾಕಿದಾಗ ಮಾತ್ರ ಬರುವ ಗುಂಯ್‌ಗುಡುವಿಕೆ ಕಂಪ್ರೆಸರಿನದು. ಚಾರ್ಜಿಗೆ ಹಾಕಿದಾಗ ಬಾನೆಟ್ಟಿನ ಒಳಗಿಂದ ಕೇಳುವ ಫ್ಯಾನ್ ಸದ್ದು ಸಾಮಾನ್ಯವಾಗಿ ಕಾರು ತನ್ನನ್ನು ತಾನು ತಣಿಸಿಕೊಳ್ಳುವ ಸದ್ದು, ಅದು ದೋಷವಲ್ಲ.

ಬಿಚ್ಚುವ ಮೊದಲು ಕಾರನ್ನು ಪೂರ್ತಿ ಆರಿಸಬೇಕು, ಚಾರ್ಜಿಂಗ್ ಗನ್ ತೆಗೆದಿರಬೇಕು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ಹತ್ತಿರ ಕೈ ಹಾಕಲೇಬಾರದು. ದೊಡ್ಡ ಬ್ಯಾಟರಿಯ ಪ್ರಾಣಾಪಾಯದ ವಿದ್ಯುತ್ತು ಹರಿಯುವುದು ಅದರಲ್ಲಿ. ವಾರಂಟಿ ಇನ್ನೂ ಇದ್ದರೆ ಸರ್ವೀಸ್ ಸೆಂಟರಿನಲ್ಲೇ ಬಿಚ್ಚಿಸುವುದು ಕ್ಷೇಮ.

ಬ್ಲೋವರ್ ಸಾಮಾನ್ಯವಾಗಿ ಎಡಬದಿಯ ಸೀಟಿನ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ ಅಥವಾ ಕೆಳಗೆ ಇರುತ್ತದೆ. ಫಿಲ್ಟರನ್ನು ಮೊದಲು ಹೊರಗೆಳೆದು ನೋಡಬೇಕು. ಬೂದುಬಣ್ಣಕ್ಕೆ ತಿರುಗಿ ಮಡಿಕೆಗಳಲ್ಲಿ ಎಲೆಚೂರು ತುಂಬಿದ್ದರೆ ಬದಲಿಸಬೇಕಾದದ್ದೇ. ಕೊರೆದ ಅಂಚು, ಹಿಕ್ಕೆ ಕಂಡರೆ ಇಲಿ ಹೊಕ್ಕಿದೆ ಎಂದರ್ಥ. ಆಗ ತಂತಿಗಳನ್ನೂ ಪರೀಕ್ಷಿಸಬೇಕಾಗುತ್ತದೆ. ಆಮೇಲೆ ಕನೆಕ್ಟರ್ ಬಿಡಿಸಿ, ಮೂರೋ ನಾಲ್ಕೋ ಸ್ಕ್ರೂ ತೆಗೆದರೆ ಬ್ಲೋವರ್ ಕೆಳಗಿಳಿಯುತ್ತದೆ. ಡಬ್ಬಿಯಾಕಾರದ ಚಕ್ರ, ಅದರ ಸುತ್ತ ಒತ್ತೊತ್ತಾಗಿ ಬಾಗಿದ ಪ್ಲಾಸ್ಟಿಕ್ ರೆಕ್ಕೆಗಳು. ಒದ್ದೆ ಮಾಡದೆ ಮೃದುವಾದ ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಉಜ್ಜಬೇಕು. ರೆಕ್ಕೆಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಲೋಹದ ಕ್ಲಿಪ್ ಕಂಡರೆ ಕಸವೆಂದು ಕೀಳಬಾರದು. ತೂಕ ಸರಿದೂಗಿಸಲು ಕಾರ್ಖಾನೆಯಲ್ಲೇ ಸಿಕ್ಕಿಸಿದ ಕ್ಲಿಪ್ ಅದು, ಕಿತ್ತರೆ ಇದ್ದ ಸದ್ದು ಇನ್ನೂ ಹೆಚ್ಚುತ್ತದೆ.

ಚಕ್ರವನ್ನು ಬೆರಳಿನಿಂದ ತಿರುಗಿಸಿದಾಗ ಸಲೀಸಾಗಿ ಸುತ್ತಬೇಕು. ತಡೆದು ತಡೆದು ಸುತ್ತಿದರೆ, ಶಾಫ್ಟ್ ಅಕ್ಕಪಕ್ಕ ಅಲುಗಿದರೆ ಸವೆತ ಹಿಡಿದಿದೆ. ಒಣಗಿದ ಬುಷ್ಷಿಗೆ ತೆಳು ಮಷೀನ್ ಆಯಿಲ್ ಒಂದು ಹನಿ ಬಿಟ್ಟರೆ ಕೆಲವು ಕಾಲ ಸುಮ್ಮನಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇದಕ್ಕೆ ತಕ್ಕದ್ದಲ್ಲ, ಬೇಗ ಆರಿಹೋಗುತ್ತದೆ. ಸವೆತ ಹೆಚ್ಚಿದ್ದರೆ ಬ್ಲೋವರಿನ ಮೋಟರನ್ನೇ ಬದಲಿಸಬೇಕು. ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆ ಬಸವನಗುಡಿ, ಚಾಮರಾಜಪೇಟೆಗಳಿಗೆ ದೂರವಲ್ಲ. ಹಳೆಯ ಮೋಟರನ್ನು ಜೊತೆಗೇ ಒಯ್ದು ಕನೆಕ್ಟರನ್ನೂ ಚಕ್ರ ಸುತ್ತುವ ದಿಕ್ಕನ್ನೂ ಹೋಲಿಸಿ ಕೊಳ್ಳುವುದು ಜಾಣತನ. ಮತ್ತೆ ಜೋಡಿಸುವಾಗ ಫಿಲ್ಟರಿನ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿರಬೇಕು.

ಹೂ ಉದುರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ವೈಪರಿನ ಬುಡದ ಕಸ ಗುಡಿಸಬೇಕು. ಕಾರು ನಿಲ್ಲಿಸುವಾಗ ಗಾಳಿಯ ಬಟನ್ನನ್ನು ಒಳಸುತ್ತಿಗೆ (ರೀಸರ್ಕ್ಯುಲೇಷನ್) ಹಾಕಿದರೆ ಹೊರಗಾಳಿಯ ಬಾಗಿಲು ಮುಚ್ಚಿರುತ್ತದೆ. ಗ್ಯಾರೇಜಿನಲ್ಲಿ ಮೋಟರ್ ಬದಲಿಸಬೇಕೆಂದರೆ ಒಪ್ಪುವ ಮೊದಲು ಫಿಲ್ಟರನ್ನೂ ಬ್ಲೋವರನ್ನೂ ಹೊರತೆಗೆಸಿ ಕಣ್ಣಾರೆ ನೋಡಿ.