ಟಿ.ವಿ. ಕಪಾಟು: ಗಟ್ಟಿತನವಿರುವುದು ಜೋಡಣೆಯಲ್ಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟದ ಮರಗೆಲಸದ ಘಟಕಗಳಿಗೆ ಇಂದು ಪೈಪೋಟಿ ಪಕ್ಕದ ಬೀದಿಯ ಬಡಗಿಯದಲ್ಲ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದು ಸ್ಕ್ರೂಗಳ ಮೇಲೆ ನಿಲ್ಲುವ ಪಾರ್ಟಿಕಲ್ ಬೋರ್ಡ್ ಕಪಾಟಿನದು. ಬೆಲೆಯಲ್ಲಿ ಅದನ್ನು ಸರಿಗಟ್ಟುವುದು ಕಷ್ಟ. ಬಾಳಿಕೆಯ ಮಾತು ಬೇರೆ. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ತಯಾರಿಸಿದ ಆ ಹಲಗೆ ನೀರಿನ ಪಸೆ ತಗುಲಿದರೆ ಊದಿಕೊಳ್ಳುತ್ತದೆ. ಒಮ್ಮೆ ಸಡಿಲಗೊಂಡ ಸ್ಕ್ರೂ ಅದರಲ್ಲಿ ಮತ್ತೆ ಬಿಗಿಯಾಗುವುದು ಅಪರೂಪ. ರೇಷ್ಮೆ ನೂಲು ಬಿಚ್ಚಾಣಿಕೆಯ ಹಬೆಗೆ ಸಮೀಪವಿರುವ ಶಿಡ್ಲಘಟ್ಟದ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಿಂದಿನ ಪಿಕ್ಚರ್ ಟ್ಯೂಬ್ ಟಿ.ವಿ.ಗೆ ಭಾರ ಹೊರುವ ಕಪಾಟು ಬೇಕಿತ್ತು. ಈಗಿನ 43 ಅಂಗುಲದ ಟಿ.ವಿ. ಹಗುರ, ಆದರೆ ಸುಮಾರು 38 ಅಂಗುಲ ಅಗಲ. ಕಪಾಟು ಉದ್ದವಾದಷ್ಟೂ, ನೆಲ ಒರೆಸಲೆಂದು ಪಕ್ಕಕ್ಕೆ ತಳ್ಳಿದಾಗಲೆಲ್ಲ ಅದು ಓಲಾಡಿ ಮೂಲೆಗಳು ಸಡಿಲವಾಗುತ್ತವೆ.

ಇದಕ್ಕೆ ಬಡಗಿಗಳ ಹಳೆಯ ಪರಿಹಾರವೆಂದರೆ, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊಯ್ದು ಕಾಲಿನಲ್ಲಿ ಕೊರೆದ ಕುಳಿಯೊಳಗೆ ಕೂರಿಸುವುದು. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಫೆವಿಕಾಲ್‌ನಂತಹ ಬಿಳಿ ಅಂಟು ಮರದ ನಾರಿನುದ್ದದ ಮೈಗೆ ಹಿಡಿಯುವಂತೆ ಅಡ್ಡ ಕೊಯ್ದ ತುದಿಗೆ ಹಿಡಿಯದು. ತುದಿ ಅಂಟನ್ನು ಹೀರಿಬಿಡುತ್ತದೆ. ನಾಲಿಗೆಯ ಎರಡು ಬದಿಗಳೂ ನಾರಿನುದ್ದದವು. ಆದುದರಿಂದಲೇ ಈ ಜೋಡಣೆಗೆ ಮೊಳೆಯ ಹಂಗಿಲ್ಲ. ಅಂಟು ಹಚ್ಚಿ, ಚೌಕಟ್ಟಿನ ಎರಡೂ ಕರ್ಣಗಳ ಅಳತೆ ಸಮವಾಗಿದೆಯೇ ಎಂದು ನೋಡಿ, ಒಂದು ದಿನ ಕ್ಲಾಂಪಿನಲ್ಲಿ ಬಿಡಬೇಕು. ಹಿಂಬದಿಗೆ ಪ್ಲೈವುಡ್ ಹಾಳೆ ಬಡಿದರೆ ಓಲಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಇದರಿಂದ ಮರ ಹೆಚ್ಚು ವ್ಯಯವಾಗುವುದೆಂಬ ಆಕ್ಷೇಪವುಂಟು. ಲೆಕ್ಕ ಹಾಕಿ ನೋಡೋಣ. ಎಂಟು ಅಡ್ಡಪಟ್ಟಿಗಳ ಎರಡೂ ತುದಿಗಳಲ್ಲಿ ಒಂದೂವರೆ ಅಂಗುಲದ ನಾಲಿಗೆಗಳೆಂದರೆ ಒಟ್ಟು 24 ಅಂಗುಲ, ಅಂದರೆ 2 ಅಡಿ ಉದ್ದ. ಪಟ್ಟಿ 2 ಅಂಗುಲ ಅಗಲ, 1 ಅಂಗುಲ ದಪ್ಪವಿದ್ದಲ್ಲಿ ಹೆಚ್ಚುವರಿ ಮರ ಒಂದು ಘನ ಅಡಿಯ 36ನೆಯ ಒಂದು ಭಾಗ ಮಾತ್ರ. ನಿಜವಾದ ವೆಚ್ಚ ಕೂಲಿಯದು. ಮರದ ಬೆಲೆಯೊಳಗೆ ಸೇರಿಸಿ ಮರೆಮಾಡದೆ ಅದನ್ನು ದರಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸಿದರೆ ಗ್ರಾಹಕರಿಗೆ ವ್ಯತ್ಯಾಸ ಮನವರಿಕೆಯಾಗುತ್ತದೆ.

ಹಸಿ ಮರದಲ್ಲಿ ಮಾತ್ರ ಈ ಶ್ರಮವೆಲ್ಲ ವ್ಯರ್ಥ. ಮಲೆನಾಡಿನಿಂದ ತಂದ ಹಲಸಾಗಲಿ, ಸ್ಥಳೀಯ ಸಿಲ್ವರ್ ಓಕ್ ಆಗಲಿ, ಬಯಲುಸೀಮೆಯ ಒಣಹವೆಯಲ್ಲಿ ಅಗಲದಲ್ಲಿ ಕುಗ್ಗುತ್ತದೆ. ನೆರಳಿನಲ್ಲಿ, ನಡುನಡುವೆ ಗಾಳಿಯಾಡುವಂತೆ ಪೇರಿಸಿ ಒಣಗಿಸಬೇಕು. ತಿಂಗಳುಗಟ್ಟಲೆ ಹೀಗೆ ನಿಂತ ಬಂಡವಾಳದ ಬಡ್ಡಿಯನ್ನು ಕಪಾಟಿನ ಬೆಲೆ ಕಟ್ಟುವಾಗ ಬಿಡಬಾರದು. ಮಾರ್ಚ್ 31ರಂದು ಉಳಿದ ಹಲಗೆಗಳನ್ನು ಅಂತಿಮ ದಾಸ್ತಾನಿನಲ್ಲಿ ಕಾಣಿಸುವುದನ್ನೂ ಮರೆಯಬಾರದು.